ಬಗ್ಗದ ಬೆನ್ನು, ಬೋರಿನ ನೀರು

ಎಲುಬೆಂದರೆ ಮನೆಯ ಕಂಬದ ಹಾಗೆ, ಒಮ್ಮೆ ನಿಲ್ಲಿಸಿದರೆ ಮುಗಿಯಿತು ಎಂಬುದು ನಮ್ಮ ಎಣಿಕೆ. ಆದರೆ ಎಲುಬಿನ ಕಟ್ಟಡ ಕೆಲಸ ಜೀವ ಇರುವವರೆಗೂ ನಿಲ್ಲುವುದಿಲ್ಲ. ಕೆಲವು ಕೋಶಗಳು ಹಳೆಯದನ್ನು ಕರಗಿಸುತ್ತವೆ, ಕೆಲವು ಹೊಸದನ್ನು ಕಟ್ಟುತ್ತವೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಎಲುಬು ಹೀಗೆ ಹೊಸದಾಗುತ್ತದೆ. ಕಟ್ಟುವ ಸಾಮಗ್ರಿ ಬರುವುದು ರಕ್ತದಿಂದ, ರಕ್ತಕ್ಕೆ ಊಟ ಮತ್ತು ನೀರಿನಿಂದ. ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಊರುಗಳಲ್ಲಿ ನಡು ಹಿಡಿದವರ ಕಥೆಯನ್ನು ಇಲ್ಲಿಂದಲೇ ಓದಬೇಕು.

ಕೃಷ್ಣೆ, ತುಂಗಭದ್ರೆಯರ ನಡುವಿನ ದೋಆಬ್ ಎಂದು ಹೆಸರಾದ ಈ ಜಿಲ್ಲೆಯಲ್ಲಿ ನದಿ, ಕಾಲುವೆ ತಲುಪದ ಊರಿಗೆ ಬೋರೇ ಗತಿ. ನೆಲದಡಿಯ ಗ್ರಾನೈಟ್, ನೈಸ್ ಬಂಡೆಗಳಲ್ಲಿರುವ ಫ್ಲೋರೈಡ್ ಆ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸರಿ ಎನ್ನುತ್ತದೆ ಭಾರತೀಯ ಮಾನಕ. ಜಿಲ್ಲೆಯ ಹಲವು ಬೋರುಗಳು ಈ ಗೆರೆ ದಾಟಿವೆ. ಮೈಯಲ್ಲಿ ಉಳಿದ ಫ್ಲೋರೈಡ್ ಬಹುಪಾಲು ಸೇರುವುದು ಎಲುಬು, ಹಲ್ಲುಗಳಿಗೇ. ಅಲ್ಲಿ ಅದು ಎಲುಬು ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಎಕ್ಸ್‌ರೇಯಲ್ಲಿ ಎಲುಬು ದಟ್ಟವಾಗಿ, ಗಟ್ಟಿಯಾಗಿಯೇ ಕಾಣುತ್ತದೆ. ಮೋಸ ಇರುವುದು ಅಲ್ಲಿಯೇ. ದಪ್ಪ ಹೆಚ್ಚಿದರೂ ಹೊಂದಾಣಿಕೆ ಕೆಟ್ಟ ಎಲುಬು ಪೆಡಸಾಗಿರುತ್ತದೆ. ಇನ್ನು ಕೀಲುಗಳನ್ನು ಬಿಗಿದಿಡುವ ನಾರುಪಟ್ಟಿಗಳಲ್ಲಿಯೂ ಸುಣ್ಣ ಕೂಡುತ್ತದೆ. ಸ್ನಾಯುವಿಗೆ ಎಳೆಯುವುದಷ್ಟೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಭತ್ತದ ನಾಟಿಗೆ ಬಗ್ಗುವಾಗ ಬೆನ್ನಿನ ಸ್ನಾಯುಗಳು ಹಗ್ಗ ಸಡಿಲಿಸಿದಂತೆ ಬಿಟ್ಟುಕೊಡುತ್ತವೆ, ಏಳುವಾಗ ಎಳೆಯುತ್ತವೆ. ಆದರೆ ಬೆನ್ನೆಲುಬಿನ ಮಣಿಗಳೇ ಒಂದಕ್ಕೊಂದು ಬೆಸೆದುಕೊಂಡರೆ ಎಳೆದು ಏನು ಬಂತು? ಗದ್ದ ಎದೆಗೆ ತಾಗುತ್ತದೆಯೇ, ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದೆಯೇ ಎಂದು ಆರೋಗ್ಯ ಕಾರ್ಯಕರ್ತರು ನೋಡುವುದು ಇದಕ್ಕಾಗಿಯೇ.

ದುಡಿದ ಮೈ, ವಯಸ್ಸಾಯಿತು, ನೋವು ಇದ್ದದ್ದೇ ಎನ್ನುವ ಮಾತಿದೆ. ಅದು ಪೂರ್ತಿ ಸುಳ್ಳಲ್ಲ. ರಾಯಚೂರು ಗಂಜ್‌ನಲ್ಲಿ ಚೀಲ ಹೊರುವ ಹಮಾಲರ, ದಿನವಿಡೀ ಹತ್ತಿ ಬಿಡಿಸುವ ಹೆಂಗಸರ ಕೀಲು ಸವೆಯಲು ನೀರಿನ ಸಹಾಯವೇ ಬೇಕಿಲ್ಲ. ನಡುನೋವೆಲ್ಲವನ್ನೂ ಫ್ಲೋರೈಡಿನ ತಲೆಗೆ ಕಟ್ಟುವುದು ಸೋಮಾರಿ ವೈದ್ಯ. ಆದರೆ ಒಮ್ಮೆಯೂ ಚೀಲ ಹೊರದ, ನಾಟಿಗೆ ಇಳಿಯದ ಶಾಲೆಯ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಮಚ್ಚೆ, ಕಂದು ಗೆರೆ ಸಾಲುಸಾಲಾಗಿ ಕಂಡರೆ ಅದಕ್ಕೆ ದುಡಿಮೆ ಕಾರಣವಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಕುಡಿದ ನೀರಿನ ಗುರುತು ಅದು. ಟೂತ್‌ಪೇಸ್ಟಿನಲ್ಲೂ ಫ್ಲೋರೈಡ್ ಇದೆಯಲ್ಲ ಎಂದರೆ, ಅದನ್ನು ಉಗುಳುತ್ತೇವೆ, ನೀರನ್ನು ನುಂಗುತ್ತೇವೆ. ಕಾಯಿಸಿ ಕುಡಿದರಾಯಿತು ಎಂಬುದು ಇನ್ನೂ ಅಪಾಯ: ಆವಿಯಾಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಗಾಢವಾಗುತ್ತದೆ. ನೀರು ಬದಲಾದರೆ ಎಲುಬು ಹಳೆಯದನ್ನು ಕರಗಿಸುತ್ತಾ ಫ್ಲೋರೈಡನ್ನು ವರ್ಷಾನುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಸುಣ್ಣಗಟ್ಟಿದ ನಾರು ಮಾತ್ರ ಮತ್ತೆ ಮೆತ್ತಗಾಗುವುದಿಲ್ಲ. ಹಾಗಾಗಿ ಊರಿಗೆ ನದಿನೀರಿನ ನಲ್ಲಿ ಬಂದ ದಿನ ಅದರ ಪೂರ್ತಿ ಲಾಭ ಸಿಗುವುದು ಅಜ್ಜನ ಬೆನ್ನಿಗಲ್ಲ, ಇನ್ನೂ ಹಾಲುಹಲ್ಲು ಬೀಳದ ಮೊಮ್ಮಗುವಿಗೆ.