ಇಪ್ಪತ್ತಾರನೇ ಕೆ.ಜಿ.ಯ ಗುಟ್ಟು

ಪ್ರಶ್ನೆ: ಗಂಗಾವತಿ ಸೋನಾ ಮಸೂರಿ 26 ಕೆ.ಜಿ. ಚೀಲದಲ್ಲಿ ಬರುವುದೇಕೆ? ಚೀಲದ ಮೇಲಿನ ಬರಹ ಸುಳ್ಳಾದರೆ ಕೇಳುವವರಿಲ್ಲವೇ?

ಉತ್ತರ: ಆ ಹೆಚ್ಚುವರಿ ಒಂದು ಕೆ.ಜಿ. ಉದಾರತೆಯಲ್ಲ, ಲೆಕ್ಕಾಚಾರ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅದನ್ನು ದಾಟಿದರೆ ತೆರಿಗೆಯಿಲ್ಲ. ತೂಕ-ಅಳತೆ ಕಾನೂನಿನ 2011ರ ಪ್ಯಾಕೇಜ್ ನಿಯಮಗಳಿಗೂ ಅದೇ ಗಡಿ. ಹೀಗಾಗಿ ತೆರಿಗೆ ತಪ್ಪಿಸಲು ಹಿಗ್ಗಿದ ಚೀಲ, ಪ್ಯಾಕ್ ಮಾಡಿದ ತಿಂಗಳು, ಗರಿಷ್ಠ ಬೆಲೆ ನಮೂದಿಸಬೇಕೆಂಬ ಆ ನಿಯಮಗಳ ಹೊಣೆಯಿಂದಲೂ ಜಾರಿಕೊಂಡಿತು. ದೊಡ್ಡ ಚೀಲ ಸಗಟು ವ್ಯಾಪಾರದ್ದು ಎಂಬ ವಾದವುಂಟು. ಆದರೆ 26 ಕೆ.ಜಿ. ಚೀಲ ಕುಷ್ಟಗಿ, ಯಲಬುರ್ಗಾದ ಅಡುಗೆಮನೆಗೇ ನೇರ ಹೋಗುತ್ತದಲ್ಲ! ಕೇಂದ್ರವೂ ಇದನ್ನು ಗಮನಿಸಿ, ಪ್ಯಾಕೇಜ್ ನಿಯಮಗಳ ಈ ಗಡಿ ತೆಗೆಯುವ ಪ್ರಸ್ತಾವದ ಮೇಲೆ 2024ರ ಜುಲೈನಲ್ಲಿ ಅಭಿಪ್ರಾಯ ಕೇಳಿತು.

ಹಾಗಂತ ಸುಳ್ಳಿಗೆ ಪರವಾನಗಿ ಸಿಕ್ಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಲೇಬಲ್ಲೂ ಜಾಹೀರಾತೇ. ಅಲ್ಲಿ ತೂಕದ ಗಡಿಯಿಲ್ಲ. ಹಳೆಯದನ್ನು ಹೊಸದೆಂದು ಮಾರುವುದನ್ನು ಕಾಯ್ದೆ ಹೆಸರಿಸಿಯೇ ನಿಷೇಧಿಸಿದೆ. ನಮ್ಮಲ್ಲಿ ಮೋಸ ತಿರುವುಮುರುವು: ‘ಹಳೆ ಅಕ್ಕಿ’ ಎಂದು ಬರೆದದ್ದು ಹೊಸದಾಗಿದ್ದು, ಒಲೆಯ ಮೇಲೆ ಮುದ್ದೆಯಾಗುತ್ತದೆ. ಗುಣಮಟ್ಟದ ಸುಳ್ಳು ವಿವರಣೆಯಾಗಿ ಅದೂ ಅಕ್ರಮವೇ. ಬಿಲ್ಲು, ಖಾಲಿ ಚೀಲ ಇಟ್ಟುಕೊಂಡರೆ ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.