ಸಂದರ್ಶನಕ್ಕೆ ಹೋಗುವ ಮುನ್ನ

ಸಂದರ್ಶನವೆಂಬ ಶಬ್ದವನ್ನು ‘ಇಂಟರ್‌ವ್ಯೂ’ಗೆ ಸಮನಾಗಿ ಬಳಸುತ್ತ ಬಂದ ನಾವು ಅದರ ಮೂಲಾರ್ಥವನ್ನು ಮರೆತಂತಿದೆ. ಚೆನ್ನಾಗಿ ಕಾಣುವುದು ಎಂಬುದು ಅದರ ಅರ್ಥ. ಮೇಜಿನ ಆಚೆ ಕುಳಿತವರು ಕಾಣಬಯಸುವುದು ಈಚೆ ಕುಳಿತ ಮನುಷ್ಯನನ್ನು. ನಮ್ಮ ತರುಣರು ಅವರ ಮುಂದಿಡುವುದಾದರೋ ಮಾರ್ಗದರ್ಶಿ ಪುಸ್ತಕದಿಂದ ಬಾಯಿಪಾಠ ಮಾಡಿದ ಹತ್ತು ವಾಕ್ಯಗಳನ್ನು.

ಎಲ್ಲ ನೌಕರಿಗಳಿಗೂ ಈಗ ಸಂದರ್ಶನವಿಲ್ಲ. 2016ರ ಜನವರಿ 1ರಿಂದ ಕೇಂದ್ರ ಸರಕಾರವು ತನ್ನ ಸಿ ದರ್ಜೆಯ ಹಾಗೂ ಬಿ ದರ್ಜೆಯ ಪತ್ರಾಂಕಿತವಲ್ಲದ ಹುದ್ದೆಗಳಿಗೆ ಅದನ್ನು ಕೈಬಿಟ್ಟಿದೆ. ಆದರೆ ಐ.ಬಿ.ಪಿ.ಎಸ್. ಮೂಲಕ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿಗಳನ್ನು ಆರಿಸುವಾಗ ಲಿಖಿತ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕವುಂಟು. ವರ್ಷಗಟ್ಟಲೆ ಓದಿ ಗಳಿಸಿದ್ದನ್ನು ಕೆಲವೇ ನಿಮಿಷಗಳ ಮಾತು ಉಳಿಸಲೂಬಹುದು, ಕಳೆಯಲೂಬಹುದು.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಪರಂಪರೆಯಿಂದ ರೇಷ್ಮೆ ನೇಯ್ದ ಎಸ್.ಎಸ್.ಕೆ. ಸಮಾಜದ ಮನೆಗಳು ಬಹಳ. ಅಲ್ಲಿಯ ಹುಡುಗ ಮನೆಯಲ್ಲಿ ತನ್ನವರ ಭಾಷೆಯನ್ನೂ ಓಣಿಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಹಿಂದಿಯನ್ನೂ ತಡವರಿಸದೆ ಆಡುತ್ತಾನೆ. ಅಂಥವನೊಬ್ಬ ಬ್ಯಾಂಕಿನ ಸಂದರ್ಶನಕ್ಕೆ ಮುನ್ನ ನನ್ನಲ್ಲಿಗೆ ಬಂದಿದ್ದ. ‘ನಿಮ್ಮ ಬಗ್ಗೆ ಹೇಳಿ’ ಎಂದೊಡನೆ ಇಂಗ್ಲಿಷಿನಲ್ಲಿ ಗಿಳಿಪಾಠ ಆರಂಭವಾಯಿತು: ತಾನು ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು. ಅದರಲ್ಲಿ ಕಮರಿಪೇಟೆಯ ಹೆಸರಿರಲಿಲ್ಲ. ತಂದೆಯ ಸೀರೆ ಅಂಗಡಿಯೂ ಇರಲಿಲ್ಲ.

“ಅಂಗಡ್ಯಾಗ ಉದ್ರಿ ಲೆಕ್ಕ ಯಾರು ಬರೀತಾರಪಾ?” ಎಂದು ಕೇಳಿದೆ.

“ನಾನ ಬರೀತೇನ್ರಿ ಸರ. ಅದನ್ನೇನ್ ಹೇಳೂದ್ರಿ ಅವರ ಮುಂದ?”

ಅದನ್ನೇ ಹೇಳಬೇಕು. ಯಾರಿಗೆ ಎಷ್ಟು ಉದ್ರಿ ಕೊಡಬಹುದು, ಯಾರು ಹಬ್ಬಕ್ಕೆ ಮುಂಚೆ ತೀರಿಸುತ್ತಾರೆ, ಯಾರಿಗೆ ನಯವಾಗಿ ನೆನಪು ಮಾಡಬೇಕು—ಸಾಲ ಕೊಡುವ ವಿದ್ಯೆಯೆಂದರೆ ಇದಲ್ಲದೆ ಮತ್ತೇನು? ‘ನಾನು ಪ್ರಾಮಾಣಿಕ’ ಎಂಬಲ್ಲಿ ಇರುವುದು ಬರಿಯ ಗುಣವಾಚಕ. ‘ಉದ್ರಿ ವಹಿ ಬರೆದಿದ್ದೇನೆ’ ಎಂಬಲ್ಲಿ ಕ್ರಿಯಾಪದವಿದೆ. ವ್ಯಾಕರಣ ಕಲಿಸಿದವನ ಚಟವೆಂದು ನಗಬೇಡಿ. ಕೇಳುವವರ ನಂಬಿಕೆ ನಿಲ್ಲುವುದು ಕ್ರಿಯಾಪದದ ಮೇಲೆ.

ಆದ್ದರಿಂದ ತಾನು ಮಾಡಿದ ಕೆಲಸ, ಎದುರಾದ ತೊಡಕು, ಅದನ್ನು ಬಿಡಿಸಿದ ಬಗೆ—ಇಂಥ ನಾಲ್ಕಾರು ಪ್ರಸಂಗಗಳನ್ನು ಮೊದಲು ತನ್ನ ಭಾಷೆಯಲ್ಲಿಯೇ ಬಾಯಿಬಿಟ್ಟು ಹೇಳಿನೋಡಬೇಕು. ಆಮೇಲೆ ಇಂಗ್ಲಿಷಿನಲ್ಲಿ, ಚಿಕ್ಕ ವಾಕ್ಯಗಳಲ್ಲಿ. ಪ್ರತಿಸಲವೂ ಮಾತು ಕೊಂಚ ಬೇರೆಯಾಗಲಿ. ಒಂದು ಶಬ್ದ ಮರೆತರೆ ಬಾಯಿಪಾಠ ಕುಸಿಯುತ್ತದೆ. ನಡೆದ ಸಂಗತಿಯನ್ನು ಹೇಳಲು ಹತ್ತು ದಾರಿಗಳುಂಟು. ಮನೆಯವರು ಯಾರಾದರೂ ನಡುವೆ ತಡೆದು ‘ಯಾಕೆ?’ ಎಂದು ಕೇಳಿದರೆ ಇನ್ನೂ ಒಳ್ಳೆಯದು, ಸಮಿತಿಯವರೂ ಕೇಳುವುದು ಅದನ್ನೇ.

‘ನಿಮ್ಮ ದೌರ್ಬಲ್ಯವೇನು?’ ಎಂಬುದಕ್ಕೆ ‘ಅತಿಯಾಗಿ ದುಡಿಯುವುದು’ ಎಂಬ ಸಿದ್ಧ ಉತ್ತರವೊಂದು ಊರೆಲ್ಲ ತಿರುಗುತ್ತಿದೆ. ನಿಂದೆಯ ವೇಷದಲ್ಲಿ ಬರುವ ಹೊಗಳಿಕೆಯನ್ನು ಆಲಂಕಾರಿಕರು ವ್ಯಾಜಸ್ತುತಿ ಎಂದರು. ತನಗೆ ತಾನೇ ವ್ಯಾಜಸ್ತುತಿ ಮಾಡಿಕೊಳ್ಳುವ ಈ ಚಮತ್ಕಾರ ಅವರಿಗೂ ಹೊಳೆದಿರಲಾರದು! ನಿಜವಾದ ಚಿಕ್ಕ ಕೊರತೆಯೊಂದನ್ನು ಹೇಳಿ, ಅದನ್ನು ತಿದ್ದಿಕೊಳ್ಳಲು ಮಾಡುತ್ತಿರುವ ಯತ್ನವನ್ನೂ ಹೇಳಿದರೆ ಸಾಕು.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವನು ರಾಮಲಕ್ಷ್ಮಣರನ್ನು ಪರೀಕ್ಷಿಸಲು ಹನುಮಂತನನ್ನು ಕಳುಹಿಸುತ್ತಾನೆ, ಪರೀಕ್ಷೆಗೊಳಗಾಗುವವನು ಹನುಮಂತನೇ. ಅವನ ಮಾತು ಲಂಬಿಸಲಿಲ್ಲ, ಅದರಲ್ಲಿ ಸಂದೇಹವಿರಲಿಲ್ಲ, ದನಿ ಮಧ್ಯಮವಾಗಿತ್ತು, ಮುಖದಲ್ಲಿ ಹುಬ್ಬಿನಲ್ಲಿ ವಿಕಾರವಿರಲಿಲ್ಲವೆಂದು ರಾಮನು ತಮ್ಮನಿಗೆ ಮೆಚ್ಚಿ ನುಡಿಯುತ್ತಾನೆ. ಇಂದಿನ ಸಮಿತಿಗಳು ಇದಕ್ಕಿಂತ ಹೆಚ್ಚಿನದೇನನ್ನು ಅಳೆಯುತ್ತವೆ? ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದು ನೇರವಾಗಿ ಹೇಳುವುದೂ ಸಂದೇಹವಿಲ್ಲದ ಮಾತೇ.

ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ?’ ಎಂದಾಗ ಹೆಚ್ಚಿನವರು ತಲೆಯಾಡಿಸಿ ಎದ್ದುಬಿಡುತ್ತಾರೆ. ತರಬೇತಿ ಹೇಗಿರುತ್ತದೆ, ಮೊದಲ ನೇಮಕ ಹಳ್ಳಿಯ ಶಾಖೆಗೋ ಪಟ್ಟಣಕ್ಕೋ ಎಂದು ಕೇಳಲು ಸಂಕೋಚವೇಕೆ? ಹೋಗಿ ದುಡಿಯಬೇಕಾದವನು ಅವನೇ ತಾನೆ.