ಹೊಸ ವ್ಯವಸ್ಥೆಗೆ ಮುನ್ನ ಹಳೆಯ ಕಡತಗಳ ರಕ್ಷಣೆ

ಕಂಪ್ಯೂಟರ್ ಕೆಟ್ಟುಹೋದರೆ ಹಣ ಕೊಟ್ಟು ಇನ್ನೊಂದನ್ನು ಕೊಳ್ಳಬಹುದು. ಅದರೊಳಗೆ ನಾವು ವರ್ಷಗಟ್ಟಲೆ ತುಂಬಿಟ್ಟ ಬರಹ, ಲೆಕ್ಕಪತ್ರ, ಮನೆಮಂದಿಯ ಚಿತ್ರಗಳು ಅಳಿದುಹೋದರೆ ಅವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಈ ಮಾತು ಎಲ್ಲರಿಗೂ ತಿಳಿದದ್ದೇ ಆದರೂ ಅದರಂತೆ ನಡೆಯುವವರು ವಿರಳ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ ಎಂಬ ತನ್ನ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿತು. ಅದರಿಂದಾಗಿ ಹಳೆಯ ವ್ಯವಸ್ಥೆಯನ್ನು ಬಿಟ್ಟು ಹೊಸದನ್ನು ಸ್ಥಾಪಿಸಿಕೊಳ್ಳಬೇಕಾದ ಪ್ರಸಂಗ ಅನೇಕ ಮನೆಗಳಿಗೂ ಕಚೇರಿಗಳಿಗೂ ಒದಗಿದೆ. ಇಂತಹ ಸಮಯದಲ್ಲಿ ನಮ್ಮ ಕಡತಗಳಿಗೆ ಯಾವ ಬಗೆಯ ಅಪಾಯವುಂಟು, ಅದರಿಂದ ಪಾರಾಗುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಕಂಪ್ಯೂಟರಿನ ಡಿಸ್ಕನ್ನು ಒಂದು ದೊಡ್ಡ ಉಗ್ರಾಣಕ್ಕೆ ಹೋಲಿಸಬಹುದು. ಅದರಲ್ಲಿ ಕೋಟ್ಯಂತರ ಪುಟ್ಟ ಗೂಡುಗಳಿವೆ. ಒಂದೇ ಕಡತದ ತುಂಡುಗಳು ದೂರದೂರದ ಗೂಡುಗಳಲ್ಲಿ ಹಂಚಿಹೋಗಿರುವುದೂ ಉಂಟು. ಯಾವ ಕಡತದ ಯಾವ ತುಂಡು ಎಲ್ಲಿದೆ ಎಂಬುದನ್ನು ಬರೆದಿಡುವ ಖಾತೆಯೊಂದು ಅದೇ ಡಿಸ್ಕಿನಲ್ಲಿರುತ್ತದೆ. ಆ ಖಾತೆಯನ್ನು ನೋಡಿಕೊಂಡು, ಕೇಳಿದ ವಸ್ತುವನ್ನು ಕೇಳಿದೊಡನೆ ತಂದುಕೊಡುವ ಉಗ್ರಾಣಿಯೇ ಕಾರ್ಯಾಚರಣ ವ್ಯವಸ್ಥೆ. ಅದನ್ನು ಮೇಲ್ದರ್ಜೆಗೆ ಏರಿಸುವುದೆಂದರೆ ಸಾಮಾನುಗಳೆಲ್ಲ ಉಗ್ರಾಣದಲ್ಲಿ ಇದ್ದಂತೆಯೇ ಉಗ್ರಾಣಿಯನ್ನು ಬದಲಿಸಿದಂತೆ. ಹೊಸಬನು ಕೆಲವು ವಸ್ತುಗಳನ್ನು ಸರಿಸುತ್ತಾನೆ, ಕೆಲವನ್ನು ಬೇಡವೆಂದು ಹೊರಹಾಕುತ್ತಾನೆ. ಸಾಮಾನ್ಯವಾಗಿ ಈ ಕಾರ್ಯ ಸುಸೂತ್ರವಾಗಿ ಮುಗಿಯುತ್ತದೆ. ನಡುವೆ ವಿದ್ಯುತ್ತು ನಿಂತರೆ, ಹಳೆಯ ಡಿಸ್ಕು ಅಂದೇ ಕೈಕೊಟ್ಟರೆ, ಇಲ್ಲವೆ ಹೊಸಬನ ಸೂಚನೆಗಳಲ್ಲಿಯೇ ದೋಷವಿದ್ದರೆ ಮಾತ್ರ ಕೆಲಸ ಕೆಡುತ್ತದೆ.

ಕೊನೆಯದು ಬರಿಯ ಊಹೆಯಲ್ಲ. ೨೦೧೮ರ ಅಕ್ಟೋಬರ್ ೨ರಂದು ವಿಂಡೋಸ್ ೧೦ರ ಹೊಸ ಆವೃತ್ತಿಯೊಂದು ಹೊರಬಂದಿತು. ಅದನ್ನು ಸ್ಥಾಪಿಸಿಕೊಂಡ ಕೆಲವರ ಕಡತಗಳು ಮಾಯವಾದುವು. ಕಾರಣವು ಕುತೂಹಲಕರವಾಗಿದೆ. ವಿಂಡೋಸಿನಲ್ಲಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಫೋಲ್ಡರುಗಳಿರುವುದನ್ನು ವಾಚಕರು ಬಲ್ಲರು. ಜಾಗ ಸಾಲದೆ ಕೆಲವರು ಇವನ್ನು ಬೇರೊಂದು ಡಿಸ್ಕಿಗೆ ತಿರುಗಿಸಿಕೊಂಡಿರುತ್ತಾರೆ. ಆಗಲೂ ಹಳೆಯ ಜಾಗದಲ್ಲಿ ಅದೇ ಹೆಸರಿನ ಫೋಲ್ಡರು ಉಳಿದು, ಅದರಲ್ಲಿ ಹಿಂದಿನ ಕಡತಗಳು ಇರಬಹುದು. ಅದೇ ವರ್ಷದ ಏಪ್ರಿಲ್ ಆವೃತ್ತಿಯಲ್ಲಿ ಇಂತಹ ಜೋಡಿ ಫೋಲ್ಡರುಗಳು ಬರಿದಾಗಿ ಕಾಣಿಸಿಕೊಳ್ಳುತ್ತವೆಂದು ದೂರು ಬಂದಿತ್ತು. ಅವನ್ನು ಗುಡಿಸಿಹಾಕಲೆಂದು ಅಕ್ಟೋಬರ್ ಆವೃತ್ತಿಯಲ್ಲಿ ಹೊಸ ಸೂಚನೆಗಳನ್ನು ಸೇರಿಸಿದರು. ಆ ಪೊರಕೆಯು ಬರಿದಾದವುಗಳ ಜೊತೆಗೆ ತುಂಬಿದವುಗಳನ್ನೂ ಗುಡಿಸಿತು. ಅಕ್ಟೋಬರ್ ೬ರಂದು ಸಂಸ್ಥೆಯು ವಿತರಣೆಯನ್ನು ತಡೆಹಿಡಿದು, ತಿದ್ದಿದ ಆವೃತ್ತಿಯನ್ನು ನವೆಂಬರ್ ೧೩ರಂದು ಪುನಃ ಹೊರತಂದಿತು. ಕಡತ ಕಳೆದುಕೊಂಡೆವೆಂದು ದೂರಿತ್ತವರು ಹತ್ತು ಸಾವಿರಕ್ಕೆ ಒಬ್ಬರ ಪ್ರಮಾಣದಲ್ಲಿದ್ದರೆಂದು ಸಂಸ್ಥೆಯ ಹೇಳಿಕೆ. ಪ್ರಮಾಣ ಅಲ್ಪವೇ ಸರಿ. ಆದರೆ ಆ ಒಬ್ಬರ ಪಾಲಿಗೆ ನಷ್ಟ ನೂರಕ್ಕೆ ನೂರು.

ಅಳಿದ ಕಡತವನ್ನು ಮತ್ತೆ ಪಡೆಯಲಾಗದೆ ಎಂದು ಕೇಳಬಹುದು. ತಿರುಗುವ ಫಲಕಗಳುಳ್ಳ ಹಾರ್ಡ್ ಡಿಸ್ಕಿನಲ್ಲಿ ಅಳಿಸುವುದೆಂದರೆ ಬಹುಮಟ್ಟಿಗೆ ಖಾತೆಯಲ್ಲಿನ ನಮೂದನ್ನು ಹೊಡೆದುಹಾಕುವುದಷ್ಟೆ. ಗೂಡಿನಲ್ಲಿರುವ ವಸ್ತು, ಅದರ ಮೇಲೆ ಬೇರೊಂದನ್ನು ಬರೆಯುವವರೆಗೆ, ಹಾಗೆಯೇ ಇರುತ್ತದೆ; ಬಲ್ಲವರು ಅದನ್ನು ಹುಡುಕಿ ತೆಗೆಯಬಲ್ಲರು. ಈಗಿನ ಎಸ್‌ಎಸ್‌ಡಿಗಳಲ್ಲಿ ಸಂಗತಿ ಬೇರೆ. ಅಳಿಸಿದೊಡನೆ 'ಟ್ರಿಮ್' ಎಂಬ ಆದೇಶವು ಡಿಸ್ಕಿಗೆ ತಲಪಿ, ಈ ಗೂಡುಗಳು ಇನ್ನು ಬೇಡವೆಂದು ತಿಳಿಸುತ್ತದೆ. ಡಿಸ್ಕು ಅವನ್ನು ತಾನಾಗಿಯೇ ತೊಳೆದಿಡುತ್ತದೆ. ಅನಂತರ ಹುಡುಕಿದರೆ ಏನೂ ದೊರೆಯದಿರುವುದೇ ಹೆಚ್ಚು.

ಆದುದರಿಂದ ಪ್ರತಿಯೊಂದೇ ರಕ್ಷೆ. ಪ್ರತಿ ಎಷ್ಟಿರಬೇಕು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚುರಪಡಿಸಿದ ಸೂತ್ರವೊಂದು ನೆನಪಿಡಲು ಸುಲಭ: ಮೂರು, ಎರಡು, ಒಂದು. ಮೂಲವೂ ಸೇರಿ ಮೂರು ಪ್ರತಿಗಳು; ಅವು ಎರಡು ಬಗೆಯ ಸಾಧನಗಳಲ್ಲಿ; ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿ. ಬೆಂಕಿ, ನೆರೆ, ಕಳ್ಳತನಗಳು ಮನೆಯಲ್ಲಿನ ಎರಡು ಪ್ರತಿಗಳನ್ನು ಒಮ್ಮೆಗೇ ಒಯ್ಯಬಲ್ಲವಾದ್ದರಿಂದ ಕೊನೆಯ ಮಾತು ಮುಖ್ಯ. ಅಂತರಜಾಲದ ಸಂಗ್ರಹದೊಡನೆ ಕಡತಗಳು ತಾವಾಗಿಯೇ ಹೊಂದಿಕೊಳ್ಳುವ ಏರ್ಪಾಡನ್ನೇ ಬ್ಯಾಕಪ್ ಎಂದು ಕೆಲವರು ಭಾವಿಸುತ್ತಾರೆ. ಅದು ಕನ್ನಡಿಯಂತೆ: ಇಲ್ಲಿ ಅಳಿದದ್ದು ಅಲ್ಲಿಯೂ ಅಳಿಯುತ್ತದೆ. ಕೆಲವು ದಿನಗಳವರೆಗೆ ಮರಳಿ ಪಡೆಯುವ ಅವಕಾಶವಿದ್ದರೂ ಅದನ್ನೊಂದನ್ನೇ ನಂಬುವುದು ಸಲ್ಲದು. ವ್ಯವಸ್ಥೆ ಬದಲಾದ ಮೇಲೆ ವಿಂಡೋಸ್ ತಾನೇ ಉಳಿಸಿಡುವ 'ವಿಂಡೋಸ್.ಓಲ್ಡ್' ಎಂಬ ಫೋಲ್ಡರೂ ಅಷ್ಟೆ. ಅದರಿಂದ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಳೆಯ ವ್ಯವಸ್ಥೆಗೆ ಹಿಂದಿರುಗಬಹುದು. ಆದರೆ ಅದು ಇರುವುದು ಅದೇ ಡಿಸ್ಕಿನಲ್ಲಿ.

ಪ್ರತಿಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯ ಅನುಭವವೇ ಸಾಕ್ಷಿ. ೨೦೧೭ರ ಜನವರಿ ೩೧ರಂದು ಅಲ್ಲಿನ ಕೆಲಸಗಾರರೊಬ್ಬರು ತಪ್ಪಿ ಮುಖ್ಯ ದತ್ತಸಂಗ್ರಹವನ್ನೇ ಅಳಿಸತೊಡಗಿದರು. ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದದ್ದು ೪.೫ ಮಾತ್ರ. ರಕ್ಷಣೆಗೆಂದು ಐದು ವಿಧಾನಗಳಿದ್ದುವು, ಒಂದೂ ನೆಚ್ಚುವಂತಿರಲಿಲ್ಲ. ನಿತ್ಯದ ಪ್ರತಿಯನ್ನು ತೆಗೆಯುವ ತಂತ್ರಾಂಶದ ಆವೃತ್ತಿಯು ದತ್ತಸಂಗ್ರಹದ ಆವೃತ್ತಿಗೆ ಹೊಂದದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಪತ್ರಗಳು ಯಾರಿಗೂ ತಲಪುತ್ತಿರಲಿಲ್ಲ. ಬೇರೆ ಉದ್ದೇಶಕ್ಕಾಗಿ ಆರು ಗಂಟೆಗಳ ಮೊದಲು ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ತೆರೆದು ನೋಡದ ಪ್ರತಿ, ಪ್ರತಿಯೇ ಅಲ್ಲ ಎಂಬುದು ಇದರ ಪಾಠ.

ಇನ್ನು ಕಾರ್ಯಕ್ರಮವನ್ನು ಹೇಳೋಣ. ಹೊರಗಿನಿಂದ ಜೋಡಿಸುವ ಡಿಸ್ಕೊಂದಕ್ಕೆ ಎಲ್ಲ ಕಡತಗಳನ್ನೂ ನಕಲುಮಾಡತಕ್ಕದ್ದು. ಡೆಸ್ಕ್‌ಟಾಪ್ ಹಾಗೂ ಡೌನ್‌ಲೋಡ್ಸ್ ಫೋಲ್ಡರುಗಳಲ್ಲಿ ಬಿದ್ದಿರುವುವನ್ನು ಮರೆಯಬಾರದು. ಸಾಧ್ಯವಾದರೆ ಇಡೀ ಡಿಸ್ಕಿನ ಪಡಿಯಚ್ಚನ್ನೂ ತೆಗೆದಿಟ್ಟುಕೊಂಡರೆ, ಕೆಟ್ಟಾಗ ವ್ಯವಸ್ಥೆಯೊಡನೆ ಎಲ್ಲವನ್ನೂ ಮೊದಲಿದ್ದಂತೆಯೇ ನಿಲ್ಲಿಸಬಹುದು. ಬಳಿಕ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಅಲ್ಲೊಂದು ಇಲ್ಲೊಂದು ಕಡತವನ್ನು ತೆರೆದು ಪರೀಕ್ಷಿಸಿ, ಹೊಸ ವ್ಯವಸ್ಥೆಯನ್ನು ಸ್ಥಾಪಿಸುವ ಮುನ್ನ ಅದನ್ನು ಬಿಚ್ಚಿ ಎತ್ತಿಡಬೇಕು. ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿರುವ ಡಿಸ್ಕಾದರೆ, ಬದಲಾವಣೆಯ ನಡುವೆ ಅದು ೪೮ ಅಂಕಿಗಳ ಕೀಲಿಯನ್ನು ಕೇಳಬಹುದು. ಅದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ. ಕೀಲಿಯು ಬೀಗ ಹಾಕಿದ ಪೆಟ್ಟಿಗೆಯೊಳಗೆ ಇದ್ದು ಫಲವೇನು?

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಸಂಗತಿ ಇನ್ನೊಂದುಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ ಸಿದ್ಧವಾದ ಕಡತಗಳು ಹಲವರಲ್ಲಿ ಇನ್ನೂ ಇವೆ. ಅವುಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಮೊದಲಾದ ಲಿಪಿಚಿಹ್ನೆಗಳ ಸಂಕೇತಗಳಲ್ಲಿ ಅಡಗಿರುತ್ತವೆ. ಅವಕ್ಕೆ ಕನ್ನಡದ ರೂಪವನ್ನು ಕೊಡುವುದು ಫಾಂಟು. ಹೊಸ ವ್ಯವಸ್ಥೆಯಲ್ಲಿ ಆ ಫಾಂಟು ಇಲ್ಲವಾದರೆ, ಕಡತವು ಅಕ್ಷತವಾಗಿದ್ದರೂ, ಕಣ್ಣಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಆದುದರಿಂದ ಕಡತಗಳ ಜೊತೆಗೆ ಫಾಂಟುಗಳನ್ನೂ ಆ ತಂತ್ರಾಂಶವನ್ನು ಸ್ಥಾಪಿಸುವ ಮೂಲ ಕಡತವನ್ನೂ ಕಾದಿರಿಸಬೇಕು; ಬಿಡುವಾದಾಗ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಇನ್ನೂ ಉತ್ತಮ.

ಇವೆಲ್ಲಕ್ಕೂ ತಗಲುವುದು ಒಂದು ಡಿಸ್ಕಿನ ಬೆಲೆ, ಹೆಚ್ಚೆಂದರೆ ಒಂದು ದಿನದ ಶ್ರಮ. ಸ್ಥಾಪನೆ ಸುಗಮವಾಗಿ ಮುಗಿದರೆ ಆ ಶ್ರಮ ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ಡಿಸ್ಕುಗಳು ಒಂದಲ್ಲ ಒಂದು ದಿನ ಸವೆದು ಕೆಡತಕ್ಕವೇ. ಅಂದು ಅದೇ ಪ್ರತಿಯು ನಮ್ಮ ನೆರವಿಗೆ ಬರುವುದು.